ನಾರಿನ ಪುಡಿಗೆ ಸಂಘದ ಜಾಮೀನು ಬೇಡ

ನಗರದ ಕನ್ನಡ ಸಂಘ-ಸಂಸ್ಥೆಗಳು ನಡೆಸುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳು ಶ್ಲಾಘನೀಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವೆಡೆ ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲೇ ಇನ್ನೊಂದು ಮೇಜು ಕಾಣಿಸಿಕೊಳ್ಳುತ್ತಿದೆ. ಅದರ ಮೇಲೆ ‘ಸಸ್ಯಜನ್ಯ ಪ್ರಿಬಯಾಟಿಕ್ ನಾರು’ ಎಂಬ ಪುಡಿಯ ಡಬ್ಬಿಗಳು. ಮಾರುವವರು ನಮ್ಮವರೇ, ವರ್ಷಗಳ ಪರಿಚಿತರು. ಬೇಡವೆನ್ನಲು ದಾಕ್ಷಿಣ್ಯ. ಮಲಬದ್ಧತೆ, ಮಧುಮೇಹ, ಬೊಜ್ಜು ಎಲ್ಲಕ್ಕೂ ಇದೊಂದೇ ಮದ್ದು ಎಂಬ ಮಾತು ಬೇರೆ.

ಈ ಪುಡಿ ಬರೀ ಬೂಟಾಟಿಕೆ ಎಂದೂ ಹೇಳುವಂತಿಲ್ಲ. ಹಲವು ಡಬ್ಬಿಗಳಲ್ಲಿರುವುದು ಚಿಕೋರಿ ಬೇರಿನಿಂದ ತೆಗೆದ ಇನ್ಯುಲಿನ್ ಎಂಬ ನಾರು. ನಮ್ಮ ಫಿಲ್ಟರ್ ಕಾಫಿಗೆ ಬೆರೆಯುವ ಅದೇ ಚಿಕೋರಿ. (ಹಾಗೆಂದು ಕಾಫಿ ಕುಡಿದರೆ ಇದೇ ಲಾಭ ಸಿಗದು, ಬೇರನ್ನು ಹುರಿಯುವಾಗ ಇನ್ಯುಲಿನ್‌ನ ಸಾಕಷ್ಟು ಭಾಗ ಒಡೆದುಹೋಗುತ್ತದೆ.) ಇದು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಇಳಿದು ಅಲ್ಲಿನ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ಅದನ್ನು ಹುದುಗಿಸಿದಾಗ ಹುಟ್ಟುವ ಬ್ಯುಟಿರೇಟ್‌ನಂತಹ ಆಮ್ಲಗಳೇ ಕರುಳಿನ ಒಳಪದರಕ್ಕೆ ಪೋಷಣೆ. ದಿನಕ್ಕೆ 12 ಗ್ರಾಂ ಚಿಕೋರಿ ಇನ್ಯುಲಿನ್ ಸೇವಿಸಿದರೆ ಮಲವಿಸರ್ಜನೆ ಸರಾಗವಾಗುತ್ತದೆ ಎಂಬುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿದೆ. ಮಧುಮೇಹವನ್ನೇ ಗುಣಪಡಿಸುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ.

ಹುದುಗುವಿಕೆ ಎಂದ ಮೇಲೆ ಗಾಳಿಯೂ ಹುಟ್ಟಲೇಬೇಕಲ್ಲ! ಮೊದಲ ದಿನವೇ ಎರಡು ದೊಡ್ಡ ಚಮಚ ಕಲಸಿ ಕುಡಿದು ಲೋಕಲ್ ರೈಲು ಹತ್ತಿದವರ ಪಾಡನ್ನು ವಿವರಿಸಬೇಕಾಗಿಲ್ಲ. ಎರಡು-ಮೂರು ಗ್ರಾಂನಿಂದ ಆರಂಭಿಸಿ ವಾರಗಟ್ಟಲೆ ಸಮಯ ಕೊಟ್ಟು ಏರಿಸಿದರೆ ಬಹಳಷ್ಟು ಜನರಿಗೆ ಒಗ್ಗುತ್ತದೆ. ಆಗಾಗ ಹೊಟ್ಟೆ ನುಲಿದು ಭೇದಿ, ಮಲಬದ್ಧತೆ ಎರಡೂ ಕಾಡುವ ಐಬಿಎಸ್ ತೊಂದರೆ ಇದ್ದವರಿಗೆ ಇದೇ ಪುಡಿ ಉಪದ್ರವವನ್ನು ಹೆಚ್ಚಿಸಬಹುದು.

ಇಸಬ್‌ಗೋಲಿನ ದಾರಿ ಬೇರೆ. ಅದು ಅಷ್ಟಾಗಿ ಹುದುಗುವುದಿಲ್ಲ, ನೀರು ಹೀರಿ ಲೋಳೆಯಾಗಿ ಉಬ್ಬುತ್ತದೆ. ಆದ್ದರಿಂದ ಗಾಳಿ ಕಡಿಮೆ. ಕೊಲೆಸ್ಟರಾಲ್ ತುಸು ಇಳಿಸುವ ಗುಣವೂ ಉಂಟು. ಆದರೆ ಸಾಕಷ್ಟು ನೀರಿಲ್ಲದೆ ನುಂಗಿದರೆ ಗಂಟಲಿನಲ್ಲೋ ಕರುಳಿನಲ್ಲೋ ಸಿಕ್ಕಿಕೊಳ್ಳುವ ಅಪಾಯವಿದೆ. ನುಂಗಲು ಕಷ್ಟಪಡುವ ವೃದ್ಧರಿಗೆ ವೈದ್ಯರನ್ನು ಕೇಳದೆ ಕೊಡಲೇಬಾರದು. ಗುಳಿಗೆಗಳ ಜೊತೆ ಸೇವಿಸಿದರೆ ಅವು ರಕ್ತ ಸೇರುವುದೂ ತಡವಾದೀತು. ಎರಡು ಗಂಟೆಯಾದರೂ, ಥೈರಾಯ್ಡ್ ಗುಳಿಗೆಯಾದರೆ ನಾಲ್ಕು ಗಂಟೆ ಅಂತರವಿರಲಿ.

ಎಲ್ಲಕ್ಕಿಂತ ದೊಡ್ಡ ಹಾನಿ ಪುಡಿಯಿಂದಲ್ಲ, ಪುಡಿಯನ್ನು ನಂಬಿ ಕೂರುವುದರಿಂದ. ಐವತ್ತು ದಾಟಿದವರಿಗೆ ಮಲವಿಸರ್ಜನೆಯ ಕ್ರಮ ದಿಢೀರನೆ ಬದಲಾದರೆ, ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಕರುಳಿನ ಕ್ಯಾನ್ಸರ್ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಆಗ ಮೂರು ತಿಂಗಳು ಡಬ್ಬಿ ಖಾಲಿ ಮಾಡುತ್ತ ಕುಳಿತರೆ ಕಳೆದುಹೋಗುವುದು ಹಣವಷ್ಟೇ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ಸೂಚಿಸಿದ್ದು ದಿನಕ್ಕೆ ಕನಿಷ್ಠ 25 ಗ್ರಾಂ ನಾರು, ಅದೂ ಸಹಜ ಆಹಾರದಿಂದ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಊರು ಬಿಟ್ಟು ಬಂದ ಮೇಲೆ ರಾಗಿ, ಜೋಳ, ಹುರುಳಿ, ಬಸಳೆ ಹಿಂದೆ ಸರಿದು ಪಾವ್, ಬಿಸ್ಕತ್ತು ಮುಂದೆ ಬಂದ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಬ್ಯಾಕ್ಟೀರಿಯಾಗಳಿಗೆ ಬೇಕಾದ ಇನ್ಯುಲಿನ್ ಜಾತಿಯ ನಾರು ದಿನನಿತ್ಯದ ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ.

ಸಂಘದ ಬ್ಯಾನರಿನ ಕೆಳಗೆ ಇಟ್ಟ ಡಬ್ಬಿಯನ್ನು ಸದಸ್ಯರು ಸಂಘದ ಮಾತೆಂದೇ ನಂಬುತ್ತಾರೆ. ಆದುದರಿಂದ ಶಿಬಿರದಲ್ಲಿ ಮಾರಾಟದ ಮೇಜಿಗೆ ಅವಕಾಶ ಕೊಡದಿರುವುದೇ ಲೇಸು. ಆ ಜಾಗದಲ್ಲಿ ಆಹಾರ ತಜ್ಞರೊಬ್ಬರನ್ನು ಕೂರಿಸಲಿ. ಈಗಾಗಲೇ ಪುಡಿ ಕೊಂಡವರು ಡಬ್ಬಿಯನ್ನೂ ತಾವು ನುಂಗುವ ಗುಳಿಗೆಗಳ ಚೀಟಿಯನ್ನೂ ಶಿಬಿರದ ವೈದ್ಯರಿಗೆ ತೋರಿಸಲಿ.