ಪಂಪ್ ಸರಿ, ವೈರಿಗೆ ಯಾಕೆ ಕಂಜೂಸ್‌ತನ?

(1/3)

ದೋಣಿಗೆ ಹೊಸದಾಗಿ ಏನಾದ್ರೂ ಹಾಕೋಣ ಅಂದ್ರೆ ನಮ್ಮ ವಯಸ್ಸಿನವರು ಮೊದಲು ಹೇಳೋದು ಫಿಶ್ ಫೈಂಡರ್, ಆಮೇಲೆ ಸ್ಪೀಕರ್. ಬಿಲ್ಜ್ ಪಂಪ್ ಅಂದ್ರೆ "ಬಕೆಟ್ ಇದ್ಯಲ್ಲ ಮಾರಾಯ್ರೆ" ಅಂತ ನಗ್ತಾರೆ. ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಗೆ ಎಸೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪಂಪ್ ಅದು. ನನ್ನ ಅಭಿಪ್ರಾಯ ಇಷ್ಟು: ನಾಡದೋಣಿಗೆ ಅದು ಬೇಕೇ ಬೇಕು. ಆದರೆ ಅರ್ಧಂಬರ್ಧ ಕೂರಿಸೋದಾದ್ರೆ ಬೇಡ, ಬಕೆಟ್ಟೇ ವಾಸಿ.

ಯಾಕೆ ಬೇಕು? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯ ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ. ಆಗ ಕಡಲಿಗೆ ಇಳಿಯೋದು 10 ಎಚ್‌ಪಿ ಒಳಗಿನ ಎಂಜಿನ್‌ನ ನಾಡದೋಣಿ. ಅಂದ್ರೆ ವರ್ಷದ ಅತಿ ಕೆಟ್ಟ ಕಡಲಿಗೆ ಹೋಗೋದು ಅತಿ ಚಿಕ್ಕ ದೋಣಿ! ಅಳಿವೆ ದಾಟುವಾಗ ತೆರೆ ಒಡೆದು 200 ಲೀಟರ್ ನೀರು ಒಳಗೆ ಬಂತು ಅಂತಿಟ್ಕೊಳ್ಳಿ. ಅದು 200 ಕಿಲೋ ಭಾರ. ಮೂಟೆ ಹಾಗೆ ಒಂದು ಕಡೆ ಕೂರುವ ಭಾರ ಅಲ್ಲ. ದೋಣಿ ಯಾವ ಕಡೆ ವಾಲುತ್ತೋ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತೆ. ಇಬ್ಬರೇ ಇದ್ದರೆ ಒಬ್ಬ ಎಂಜಿನ್ ಹಿಡಿದಿರಬೇಕು, ಇನ್ನೊಬ್ಬ ನೀರು ಮೊಗೆಯಬೇಕು. ಮುಂದಿನ ತೆರೆ ನೋಡೋರು ಯಾರು?

(2/3)

ಇನ್ನು ಬಿಕಾಂ ಹುಡುಗನ ಲೆಕ್ಕ. ಬೇಜಾರಾದ್ರೂ ಓದಿ.

ಹೊಳೆಯಲ್ಲಿ ಕಟ್ಟಿದ ದೋಣಿ, 8 ಮೀಟರ್ ಉದ್ದ, 2 ಮೀಟರ್ ಅಗಲ. ಒಂದು ರಾತ್ರಿಗೆ 100 ಮಿಲಿಮೀಟರ್ ಮಳೆ, ಆಷಾಢದಲ್ಲಿ ನಮ್ಮ ಕಡೆ ಅದೇನು ಅಪರೂಪ ಅಲ್ಲ. ಎರಡು ತುದಿ ಚೂಪು ಅಂತ ಕಳೆದರೂ ಸಾವಿರ ಲೀಟರ್ ಮೇಲೆ ನೀರು ನಿಲ್ಲುತ್ತೆ. ಬೆಳಿಗ್ಗೆ ಹೋಗಿ ನೋಡಿದ್ರೆ ಎಂಜಿನ್ ಇರುವ ಹಿಂಭಾಗ ಮುಳುಗಿರುತ್ತೆ. ರಾತ್ರಿ ಎರಡು ಗಂಟೆಗೆ ಬಕೆಟ್ ಹಿಡಿದು ಕಾಯೋರು ಯಾರೂ ಇಲ್ಲ.

ಅಂಗಡಿಯಲ್ಲಿ ಪಂಪಿನ ಮೇಲೆ 1100 ಜಿಪಿಎಚ್ ಅಂತ ಬರೆದಿರುತ್ತೆ. ಗಂಟೆಗೆ ಅಷ್ಟು ಗ್ಯಾಲನ್ ಅಂತ ಅರ್ಥ. ನಮ್ಮ ಲೆಕ್ಕಕ್ಕೆ ತಂದ್ರೆ ನಿಮಿಷಕ್ಕೆ ಸುಮಾರು 69 ಲೀಟರ್. ನಂಬಬೇಡಿ. ನೀರು ಮೇಲೇರಬೇಕು, ಪೈಪು ಬಳಸಿ ಹೋಗಬೇಕು, ಬ್ಯಾಟರಿ ಸ್ವಲ್ಪ ಇಳಿದಿರುತ್ತೆ. ಹಾಗಾಗಿ 40 ಲೀಟರ್ ಅಂತ ಹಿಡಿದು ಲೆಕ್ಕ ಹಾಕಿ. ಹಾಗೆ ಹಿಡಿದರೂ ಆ ಸಾವಿರ ಲೀಟರ್ 25 ನಿಮಿಷದ ಕೆಲಸ.

"ನಮ್ಮದು ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸೀಮೆಎಣ್ಣೆ ಎಂಜಿನ್, ಬ್ಯಾಟರಿ ಚಾರ್ಜ್ ಆಗಲ್ಲ" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಈ ಪಂಪ್ ಎಳೆಯೋದು 3ರಿಂದ 4 ಆಂಪಿಯರ್. ಮನೆಯಲ್ಲಿ ಚಾರ್ಜ್ ಮಾಡಿ ತಂದ 12 ವೋಲ್ಟಿನ 35 ಎಎಚ್ ಬ್ಯಾಟರಿಗೆ 25 ನಿಮಿಷ ಏನೂ ಅಲ್ಲ. ಆದರೆ ದೋಣಿಯಲ್ಲಿ ಸೋರಿಕೆ ಇದ್ದು ಪಂಪ್ ಓಡ್ತಾನೇ ಇದ್ರೆ ಐದು ಗಂಟೆಯಲ್ಲಿ ಅರ್ಧ ಬ್ಯಾಟರಿ ಖಾಲಿ. ಸೋರುವ ಜಾಗಕ್ಕೆ ಫೈಬರ್ ಹಾಕಿಸದೆ ಪಂಪ್ ಹಾಕಿಸೋದು ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ.

(3/3)

ಈಗ ನನಗೆ ಸಿಟ್ಟು ಬರಿಸುವ ವಿಷಯ. ಪಂಪಿಗೆ ಕೆಲವು ಸಾವಿರ ಕೊಟ್ಟು, ಮನೆ ವೈರಿಂಗಲ್ಲಿ ಉಳಿದ ವೈರ್ ತಂದು, ತಿರುಚಿ, ಟೇಪ್ ಸುತ್ತಿ ಮುಗಿಸ್ತಾರೆ. ಉಪ್ಪುನೀರು ಟೇಪಿನೊಳಗೆ ನುಗ್ಗಿದ ಮೇಲೆ ತಾಮ್ರ ಹಸಿರಾಗಿ ಪುಡಿಯಾಗುತ್ತೆ. ಮಳೆಗಾಲದ ಮಧ್ಯೆ ಪಂಪ್ ಸುಮ್ಮನಾಗುತ್ತೆ, ಪಂಪ್ ಇದೆ ಅನ್ನುವ ಧೈರ್ಯದಲ್ಲಿ ಬಕೆಟ್ ಮನೆಯಲ್ಲಿರುತ್ತೆ. ಅದಕ್ಕೇ ಹೇಳಿದ್ದು ಅರ್ಧಂಬರ್ಧ ಬೇಡ ಅಂತ. ತವರದ ಲೇಪ ಇರುವ ತಾಮ್ರದ ವೈರ್ ಕೇಳಿ ತಗೊಳ್ಳಿ. ಜಾಯಿಂಟ್ ಆದಷ್ಟು ಮೇಲೆ ಇರಲಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಬ್ಯಾಟರಿಯ ಪ್ಲಸ್ ಹತ್ತಿರವೇ ಫ್ಯೂಸ್, ಪಂಪಿನ ಜೊತೆ ಬಂದ ಕಾಗದದಲ್ಲಿ ಹೇಳಿದಷ್ಟೇ ಆಂಪಿಯರಿನದು. ನೀರು ಏರಿದಾಗ ತಾನೇ ಆನ್ ಆಗುವ ಫ್ಲೋಟ್ ಸ್ವಿಚ್ಚಿನ ವೈರ್ ಆ ಫ್ಯೂಸ್ ದಾಟಿ ನೇರ ಬ್ಯಾಟರಿಗೆ ಹೋಗಲಿ. ಮುಖ್ಯ ಸ್ವಿಚ್ ಆಫ್ ಮಾಡಿ ಮನೆಗೆ ಬಂದ್ರೂ ಅದು ಕೆಲಸ ಮಾಡಬೇಕು.

ಪಂಪ್ ಎಲ್ಲಿ ಕೂರಿಸಬೇಕು ಅಂತ ಮರಳಿನ ಮೇಲೆ ಎಳೆದಿಟ್ಟ ದೋಣಿ ನೋಡಿ ತೀರ್ಮಾನ ಮಾಡ್ಬೇಡಿ. ನೀರಿಗಿಳಿಸಿ, ಎಂಜಿನ್ ಏರಿಸಿ, ಜನ ಕೂತ ಮೇಲೆ ಒಂದು ಚೊಂಬು ನೀರು ಹೊಯ್ಯಿರಿ. ಅದು ಹೋಗಿ ನಿಲ್ಲುವ ಜಾಗವೇ ಪಂಪಿನ ಜಾಗ. ತಳಕ್ಕೆ ಡ್ರಿಲ್ ಹಾಕೋದು ಬೇಡವೇ ಬೇಡ. ಮರದ ತುಂಡಿಗೆ ಫೈಬರ್ ಸುತ್ತಿ ಅಂಟಿಸಿ, ಸ್ಕ್ರೂ ಅದಕ್ಕೆ ಹಾಕಿ.

ಪೈಪು ಒಳಗಡೆ ನುಣುಪಾಗಿರಲಿ, ಎಲ್ಲೂ ಜೋತು ಬೀಳದ ಹಾಗೆ ಮೇಲಕ್ಕೇ ಹೋಗಲಿ. ಹೊರಬಾಯಿ, ಬಲೆ ಮೀನು ತುಂಬಿ ದೋಣಿ ತಗ್ಗಿದಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಇಲ್ಲದಿದ್ರೆ ಪಂಪ್ ನಿಂತ ಕೂಡಲೇ ಅದೇ ಪೈಪಿನಿಂದ ಕಡಲು ಒಳಗೆ ಬರುತ್ತೆ. ಹೀಗೂ ಆಗುತ್ತೆ ಅಂತ ಅಂಗಡಿಯವರು ಹೇಳಲ್ಲ.

ಆಮೇಲೆ ಬಲೆಯ ನೂಲು, ಮೀನಿನ ಪೊರೆ. ಬೂತಾಯಿ ಬಿದ್ದ ದಿನ ಜಾಲರಿ ಕಟ್ಟಿಕೊಳ್ಳೋದು ಗ್ಯಾರಂಟಿ, ಫ್ಲೋಟ್ ಸಿಕ್ಕಿಹಾಕ್ಕೊಳ್ಳೋದೂ ಉಂಟು. ದೋಣಿ ತೊಳೆಯುವಾಗ ಜಾಲರಿ ಬಿಚ್ಚಿ ತೊಳೀರಿ, ಫ್ಲೋಟ್ ಕೈಯಲ್ಲಿ ಎತ್ತಿ ಪಂಪ್ ಓಡುತ್ತಾ ನೋಡಿ. ಕೈಯಿಂದ ಹಾಕುವ ಸ್ವಿಚ್ ಒಂದು ಬೇರೆ ಇರಲಿ. ಬಕೆಟ್ ಹಗ್ಗ ಕಟ್ಟಿ ದೋಣಿಯಲ್ಲೇ ಇರಲಿ.

ತಳದಲ್ಲಿ ಸೀಮೆಎಣ್ಣೆ ಚೆಲ್ಲಿದ್ರೆ ಮೊದಲು ಹಳೇ ಬಟ್ಟೆಯಲ್ಲಿ ಒರೆಸಿ ತೆಗೀರಿ. ಪಂಪಿಗೆ ನೀರು ಯಾವುದು ಎಣ್ಣೆ ಯಾವುದು ಗೊತ್ತಾಗಲ್ಲ, ಎರಡನ್ನೂ ಹೊಳೆಗೇ ಹಾಕುತ್ತೆ.

ನಿಮ್ಮ ದೋಣಿಯಲ್ಲಿ ಪಂಪ್ ಇದ್ರೆ ವೈರ್ ಜಾಯಿಂಟಿನ ಫೋಟೋ ಕಳಿಸಿ. ಪಂಪಿನ ಫೋಟೋ ಬೇಡ, ಜಾಯಿಂಟಿಂದು.

#ನಾಡದೋಣಿ #ಕರಾವಳಿ #ಮಳೆಗಾಲ