55 ಮಂದಿ ನಾಯಕಿಯರು, ಕೆಲಸ ಎಷ್ಟು ಮಂದಿಗೆ?

2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ನೋಡಲು ಆಫೀಸಿಗೆ ಸಿಕ್ ಲೀವ್ ಹಾಕಿದ ಮಂದಿಯೇ ‘ಪ್ರಿಕ್ಯೂರ್’ ಅಂದ ಕೂಡಲೇ ಕಿಸಕ್ಕನೆ ನಗ್ತಾರೆ. ರಿಬ್ಬನ್ನು, ಫ್ರಾಕು, ಸಣ್ಣ ಹುಡುಗೇರ ಕಾರ್ಟೂನು ಅಂತ. ಬಿಗಿ ಪೋಷಾಕಿನ ಗಂಡಸರು ಸಾಲಾಗಿ ನಿಂತರೆ ಮಹಾಕಾವ್ಯ, ಫ್ರಾಕಿನ ಹುಡುಗಿಯರು ನಿಂತರೆ ಆಟಿಕೆ ಜಾಹೀರಾತು! ಆಟಿಕೆ ಎರಡೂ ಕಡೆ ಮಾರಾಟಕ್ಕಿದೆ, ನೋಡ್ರಿ.

ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡ್ತೀನಿ. ತೋಯೆಯಿ ಅನಿಮೇಷನ್‌ನ ಪ್ರಿಕ್ಯೂರ್ 2004ರ ಫೆಬ್ರವರಿಯಲ್ಲಿ ಶುರುವಾಯಿತು. ಮೊದಲಿಗೆ ಇಬ್ಬರೇ ಹುಡುಗಿಯರು, ನಗಿಸಾ ಮತ್ತು ಹೊನೊಕಾ. ನಿರ್ದೇಶಕ ‘ಡ್ರ್ಯಾಗನ್ ಬಾಲ್ ಝಡ್’ ಮಾಡಿದ್ದ ದೈಸುಕೆ ನಿಶಿಯೋ. ಹಂಗಾಗಿ ಈ ಹುಡುಗಿಯರು ಮಂತ್ರದಂಡ ಬೀಸುತ್ತ ನಿಲ್ಲೋದಿಲ್ಲ, ಗುದ್ದುತ್ತಾರೆ, ಒದೆಯುತ್ತಾರೆ. ಹುಡುಗಿಯರಿಗೂ ದಾಂಧಲೆ ಮಾಡೋ ಆಸೆ ಇರುತ್ತೆ ಅನ್ನೋದೇ ಇದರ ಮೂಲ ಯೋಚನೆ. ಸಾಮಾನ್ಯವಾಗಿ ವರ್ಷಕ್ಕೊಂದು ಹೊಸ ತಂಡ ಬರುತ್ತದೆ. ಆಗಾಗ ಹಳಬರು ಹೊಸಬರು ಎಲ್ಲ ಕೂಡುವ ಸಿನಿಮಾ ಬರುತ್ತದೆ.

ಆದರೆ ನನ್ನ ತಕರಾರು ನಗುವವರ ಜೊತೆ ಮಾತ್ರ ಅಲ್ಲ, ಅಭಿಮಾನಿಗಳ ಜೊತೆಗೂ ಇದೆ. 2018ರ ‘ಆಲ್ ಸ್ಟಾರ್ಸ್ ಮೆಮೊರೀಸ್’ ಚಿತ್ರದಲ್ಲಿ 55 ಮಂದಿ ಪ್ರಿಕ್ಯೂರ್‌ಗಳಿದ್ದಾರೆ. ಅದಕ್ಕೆ ಗಿನ್ನೆಸ್ ದಾಖಲೆಯೂ ಸಿಕ್ಕಿದೆ. ಅಭಿಮಾನಿಗಳು ಈ ಸಂಖ್ಯೆಯನ್ನೇ ಎದೆಗೆ ಅಂಟಿಸಿಕೊಂಡು ತಿರುಗುತ್ತಾರೆ. ನನಗೆ ಚಿತ್ರದ ದೊಡ್ಡ ದೌರ್ಬಲ್ಯವೇ ಅದು ಅನಿಸುತ್ತದೆ. ಕೊನೆಯ ಕಾಳಗದಲ್ಲಿ ಒಬ್ಬೊಬ್ಬರದೂ ಒಂದು ಮಿಂಚು, ಒಂದು ಕೂಗು, ನೆಕ್ಸ್ಟ್! ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ.

ಇಷ್ಟು ದೊಡ್ಡ ಗುಂಪನ್ನು ಕಥೆಯಲ್ಲಿ ನಿಭಾಯಿಸೋದು ಹೇಗೆ ಅಂತ ಕೇಳಿದರೆ ನಾನು ವಿಜಯಪುರದ ಪಕ್ಕದ ತೊರವಿಯನ್ನು ತೋರಿಸ್ತೀನಿ. ಊರ ನರಸಿಂಹನನ್ನು ನೆನೆದು ಕುಮಾರ ವಾಲ್ಮೀಕಿ ‘ತೊರವೆ ರಾಮಾಯಣ’ ಬರೆದದ್ದು ಇಲ್ಲಿ. ರಾಮಾಯಣದ ಕಪಿಸೇನೆಗೆ ಲೆಕ್ಕವೇ ಇಲ್ಲ. ಆದರೂ ನಳ ಇಲ್ಲದಿದ್ದರೆ ಸೇತುವೆ ಇಲ್ಲ. ಜಾಂಬವಂತ ನೆನಪಿಸದಿದ್ದರೆ ಹನುಮಂತ ಹಾರೋದಿಲ್ಲ. ರಾವಣನ ಸಭೆಗೆ ರಾಯಭಾರಿಯಾಗಿ ಅಂಗದನೇ ಹೋಗಬೇಕು. ಹೆಸರು ಪಡೆದವನಿಗೆ ಕೆಲಸವೂ ಉಂಟು, ಉಳಿದವರು ಸೇನೆ. ಅವರನ್ನೂ ಒಬ್ಬೊಬ್ಬರಾಗಿ ಪರದೆಗೆ ತರಬೇಕು ಅನ್ನೋ ಹಟ ಕವಿಗಿಲ್ಲ. ಅಲ್ಲಿ ಗೊಂಬೆ ಮಾರೋ ಕಂಪನಿ ಇರಲಿಲ್ಲ, ಅದೂ ಖರೇ.

ಹಾಗಂತ 2018ರ ಚಿತ್ರ ಸುಮ್ಮನೆ ಬಿಟ್ಟುಬಿಡುವಂಥದ್ದಲ್ಲ. ಅದರಲ್ಲಿ ಗಟ್ಟಿಗಿತ್ತಿಯರು ನೆನಪು ಕಳೆದುಕೊಂಡು ಅಳುವ ಕೂಸುಗಳಾಗಿಬಿಡುತ್ತಾರೆ. ಹನಾ ಅವರನ್ನೆಲ್ಲ ಸಂಭಾಳಿಸಬೇಕು. ಲೋಕ ಉಳಿಸೋದಕ್ಕಿಂತ ಅದೇ ಕಷ್ಟದ ಕೆಲಸ ಅನ್ನೋದು ಅವಳ ಮುಖದಲ್ಲೇ ಕಾಣುತ್ತೆ. ಎದುರಾಳಿ ಯಾರು ಗೊತ್ತಾ? ಒಂದೂ ಫೋಟೋ ತೆಗೆಯದ ಕ್ಯಾಮೆರಾ. ತನ್ನದು ಅಂತ ಒಂದು ನೆನಪೂ ಇಲ್ಲದ್ದಕ್ಕೆ ಬೇರೆಯವರ ನೆನಪು ಕದಿಯುತ್ತದೆ. ಇಂಥ ಖಳನನ್ನು ಮಾರ್ವೆಲ್ ನಮಗೆ ಕೊಟ್ಟಿಲ್ಲ.

2023ರ ‘ಆಲ್ ಸ್ಟಾರ್ಸ್ ಎಫ್’ ಇನ್ನೂ ಜಾಣತನದ್ದು. ಇಲ್ಲಿ ನಾಯಕಿಯರು ಎಪ್ಪತ್ತಕ್ಕೂ ಹೆಚ್ಚು, ಆದರೆ ನಿರ್ದೇಶಕ ಯೂತ ತನಕ ಕೆಲವರನ್ನೇ ಆರಿಸಿ, ಬೇರೆ ಬೇರೆ ಸರಣಿಯವರನ್ನು ಸಣ್ಣ ತಂಡಗಳಲ್ಲಿ ಬೆರೆಸಿ, ಅಪರಿಚಿತ ಲೋಕದಲ್ಲಿ ದೂರದ ಕೋಟೆಯ ಕಡೆ ನಡೆಸುತ್ತಾರೆ. ಪರಿಚಯ ಆಗೋದು ದಾರಿಯಲ್ಲೇ. (ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಮುಂದಿನ ಎರಡು ವಾಕ್ಯ ಬಿಡಿ.) ಎದುರಾಳಿ ಇವರನ್ನು ಆಗಲೇ ಸೋಲಿಸಿಯಾಗಿದೆ, ಆದರೂ ಇವರ ಬಲ ಎಲ್ಲಿಂದ ಬರುತ್ತೆ ಅಂತ ತಿಳಿಯದೆ, ತಾನೇ ಪ್ರಿಕ್ಯೂರ್ ವೇಷ ಹಾಕಿ ಜೊತೆಗೆ ನಡೆಯುತ್ತಿದೆ. ಗೆದ್ದವಳಿಗೇ ಗೆಲುವು ಅರ್ಥವಾಗಿಲ್ಲ!

ಇದರಲ್ಲೂ ದೋಷ ಇದೆ. ಹಳೆಯ ಸರಣಿ ನೋಡದವರಿಗೆ ಮುಖಗಳ ಜಾತ್ರೆ. ಇನ್ನೊಂದು, ಇಂಥ ಹಲವು ಚಿತ್ರಗಳಿಗೆ ಬಂದ ಮಕ್ಕಳಿಗೆ ಜಪಾನಿನ ಥಿಯೇಟರಿನಲ್ಲಿ ಪುಟ್ಟ ‘ಮಿರಾಕಲ್ ಲೈಟ್’ ಕೊಟ್ಟದ್ದುಂಟು. ಮಕ್ಕಳು ಅದನ್ನು ಬೀಸಿದರೆ ನಾಯಕಿಯರಿಗೆ ಶಕ್ತಿ. ಅಲ್ಲಿ ಅದು ಹಬ್ಬ. ಪಿಜಿ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಒಬ್ಬರೇ ಕೂತು ನೋಡಿದರೆ ಸಪ್ಪೆ.

ಇನ್ನು ನಮ್ಮ ಕಥೆ. ನಮ್ಮಲ್ಲಿ ಕ್ರಾಸ್‌ಓವರ್ ಇಲ್ಲ ಅಂತ ಯಾರು ಹೇಳಿದ್ದು? ಧಾರಾವಾಹಿಗಳ ‘ಮಹಾಸಂಗಮ’ ಮತ್ತೇನು? ಕಲರ್ಸ್ ಕನ್ನಡದ ‘ಭಾಗ್ಯಲಕ್ಷ್ಮಿ’, ‘ಲಕ್ಷ್ಮೀ ಬಾರಮ್ಮ’ಗಳ ಅಕ್ಕತಂಗಿಯರನ್ನೇ ನೋಡಿ. ಮಹಾಸಂಗಮ ಅಂದರೆ ನಾಯಕಿಯರು ಕೂಡುತ್ತಾರೆ ಸರಿ, ಆದರೆ ಏನು ಮಾಡೋಕೆ? ಹೆಚ್ಚಿನ ಸಲ ಒಂದು ಮದುವೆ ಉಳಿಸೋಕೆ, ಇಲ್ಲಾ ನಿಲ್ಲಿಸೋಕೆ. ಇದೇ ತೊರವಿಯಲ್ಲಿ 2003ರಲ್ಲಿ ಹುಟ್ಟಿದ ಮಹಿಳಾ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ಈಗ ಅಕ್ಕಮಹಾದೇವಿಯ ಹೆಸರಲ್ಲಿ. ಹಗಲೆಲ್ಲ ಗೆಳತಿಯರ ಜೊತೆ ಓದಿದ ಹುಡುಗಿ ಸಂಜೆ ಮನೆಗೆ ಬಂದು ಟಿವಿ ಹಾಕಿದರೆ, ಗೆಳತಿಯರ ಒಂದು ಗುಂಪು ಗಂಡ-ಅತ್ತೆಯ ವಿಷಯ ಬಿಟ್ಟು ಬೇರೇನಾದರೂ ಜಗಳಕ್ಕೆ ಇಳಿದದ್ದು ಎಷ್ಟು ಸಲ ಕಾಣುತ್ತದೆ? ಜಪಾನಿನ ನಾಲ್ಕು ವರ್ಷದ ಕೂಸು ಅದನ್ನು ಪ್ರತಿ ಭಾನುವಾರ ಬೆಳಿಗ್ಗೆ ಎಂಟೂವರೆಗೆ ನೋಡುತ್ತದೆ.

ಕನ್ನಡಕ್ಕೆ ಡಬ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, 2004ರ ಆ ಇಬ್ಬರಿಂದ ಶುರು ಮಾಡಿ, ಆಮೇಲೆ ‘ಎಫ್’ ತನ್ನಿ. 55ರ ಸರ್ಟಿಫಿಕೇಟು ಜಪಾನಿನಲ್ಲೇ ಇರಲಿ.