ಲಂಗದೊಳಗಿನ ತುಕ್ಕು

ಚೌತಿಗೆ ಇನ್ನು ಹನ್ನೆರಡು ದಿನ ಇತ್ತು. ಡೊಂಬಿವಲಿಯಲ್ಲಿರುವ ಅಕ್ಕನ ಮಗ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ.

"ಮಾವ, ಟೈರ್ ಪಂಕ್ಚರ್ ಆಗಿತ್ತು. ಜಾಕ್ ಕೊಟ್ಟೆ. ಕಾರು ಮೇಲೆ ಬರ್ಲಿಲ್ಲ, ಜಾಕೇ ಒಳಗೆ ಹೋಯ್ತು."

"ಒಳಗೆ ಅಂದ್ರೆ ಎಂತ ಮಾರಾಯ? ನೆಲದೊಳಗಾ?"

"ಅಲ್ಲ, ಕಾರಿನೊಳಗೆ."

ಹೋಗಿ ನೋಡಿದರೆ ಅವನು ಹೇಳಿದ್ದು ಅಕ್ಷರಶಃ ನಿಜ. ಒಂಬತ್ತು ವರ್ಷದ ಹ್ಯಾಚ್‌ಬ್ಯಾಕ್. ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಅವನ ಮನಸ್ಸು ಗೆದ್ದದ್ದೇ ಅದರ ಎರಡೂ ಬದಿಗೆ, ಬಾಗಿಲುಗಳ ಕೆಳಗೆ ಉದ್ದಕ್ಕೆ ಕೂರಿಸಿದ್ದ ಕೆಂಪು ಸೈಡ್ ಸ್ಕರ್ಟ್. ಎಡಗಡೆಯ ಸ್ಕರ್ಟ್ ಈಗ ಮಧ್ಯದಲ್ಲಿ ಹಪ್ಪಳದ ಹಾಗೆ ಸೀಳಿತ್ತು. ಅದರ ಹಿಂದೆ ಜಾಕಿನ ತಲೆ ಕಂದು ಬಣ್ಣದ ತಗಡಿನೊಳಗೆ ಹೂತುಹೋಗಿತ್ತು.

ಹಬ್ಬಕ್ಕೆ ಅದೇ ಕಾರಿನಲ್ಲಿ ಕುಂದಾಪುರಕ್ಕೆ ಹೊರಡುವ ಏರ್ಪಾಡಾಗಿತ್ತು. ಅವನು, ಹೆಂಡತಿ, ಎರಡು ವರ್ಷದ ಮಗು. ಎಂಟುನೂರಕ್ಕೂ ಮೀರಿದ ಕಿಲೋಮೀಟರ್, ಅದೂ ಮಳೆಯಲ್ಲಿ, ಕೊಂಕಣದ ಹೆದ್ದಾರಿಯಲ್ಲಿ. ಹಾಗಾಗಿ ಈ ಬಾರಿ ಎಂಜಿನ್, ಗೇರ್ ಎಲ್ಲ ಬಿಟ್ಟು ಈ ಲಂಗದ ಕತೆಯನ್ನೇ ಬರೆಯುತ್ತೇನೆ.

ಮೊದಲು ಲಂಗದ ಹಿಂದೆ ಇರುವುದೇನು ಅನ್ನುವುದು. ಬಾಗಿಲು ತೆರೆದು ಒಳಗೆ ಕಾಲಿಡುವಾಗ ನಾವು ದಾಟುತ್ತೇವಲ್ಲ, ಆ ಹೊಸ್ತಿಲು. ಪುಸ್ತಕದಲ್ಲಿ ಅದಕ್ಕೆ ಸಿಲ್ ಎಂದೋ ರಾಕರ್ ಪ್ಯಾನೆಲ್ ಎಂದೋ ಹೆಸರು, ನಮ್ಮ ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಹಳೇ ಜೀಪಿಗೆ, ಲಾರಿಗೆ ಅಡಿಯಲ್ಲಿ ಪ್ರತ್ಯೇಕ ಚಾಸಿ ಇರುತ್ತದೆ. ಭಾರವೆಲ್ಲ ಅದರ ಮೇಲೆ. ಇಂದಿನ ಸಣ್ಣ ಕಾರುಗಳಿಗೆ ಅದಿಲ್ಲ. ತಗಡನ್ನು ಮಡಿಸಿ ಪೆಟ್ಟಿಗೆಯ ಹಾಗೆ ವೆಲ್ಡ್ ಮಾಡಿದ ಭಾಗಗಳೇ ಸೇರಿ ಇಡೀ ಕಾರನ್ನು ಹೊರುತ್ತವೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಕಾರು ಬಾಗದಂತೆ ಹಿಡಿಯುವ ಮುಖ್ಯ ತೊಲೆಗಳಲ್ಲಿ ಎರಡು ಈ ಹೊಸ್ತಿಲುಗಳು. ಪಕ್ಕದಿಂದ ಯಾರಾದರೂ ಬಂದು ಗುದ್ದಿದರೆ ಏಟಿನ ಒಂದು ಪಾಲನ್ನು ತಿನ್ನುವುದೂ ಅದೇ. ಅದು ಕೊಳೆತಿದೆ ಎಂದರೆ ಮನೆಯ ಜಂತಿ ಗೆದ್ದಲು ಹಿಡಿದ ಹಾಗೆ.

ಆ ಪೆಟ್ಟಿಗೆ ಒಳಗೆ ಟೊಳ್ಳು. ಕಿಟಕಿಯ ಗಾಜಿನ ಅಂಚಿನಿಂದ ಇಳಿದ ನೀರು ಬಾಗಿಲಿನ ಅಡಿಯ ತೂತುಗಳಿಂದ ಹೊರಬೀಳುತ್ತದೆ. ಹಾಗೆಯೇ ಸಿಲ್‌ನೊಳಗೆ ಸೇರಿದ ನೀರು ಹೋಗಲಿಕ್ಕೂ ಕೆಳಗಡೆ ಸಣ್ಣ ತೂತುಗಳಿರುತ್ತವೆ. ಕಂಪನಿಯವರು ಅವನ್ನು ಬೇಕೆಂದೇ ಬಿಟ್ಟಿರುತ್ತಾರೆ. ನೀರು ಬರುವುದನ್ನು ತಡೆಯುವುದಕ್ಕಿಂತ ಬಂದ ನೀರನ್ನು ಕಳಿಸುವುದು ಸುಲಭ ಎಂಬುದು ಹಂಚಿನ ಮಾಡು ಕಂಡ ನಮಗೆ ಹೊಸ ವಿಷಯವೇನಲ್ಲ.

ನಮ್ಮ ಪರಿಚಯದ ಡೆಂಟಿಂಗ್ ಉಸ್ತಾದ್ ಬಂದು ಸ್ಕರ್ಟ್ ಬಿಚ್ಚಿದ. ಬಿಚ್ಚಿದ ಎನ್ನುವುದಕ್ಕಿಂತ ಕಿತ್ತ ಎನ್ನಬೇಕು. ಫೈಬರ್‌ಗ್ಲಾಸಿನ ಆ ಪಟ್ಟಿಯನ್ನು ಯಾರೋ ಪುಣ್ಯಾತ್ಮರು ಸಿಲ್‌ನ ತಗಡಿಗೇ ಡ್ರಿಲ್ ಹಾಕಿ ರಿವೆಟ್ ಹೊಡೆದು ಕೂರಿಸಿದ್ದರು. ಮೇಲಂಚಿಗೂ ಕೆಳಂಚಿಗೂ ಸಿಲಿಕೋನ್ ಬಳಿದಿದ್ದರು, ನೀರು ಹೋಗಬಾರದು ಅಂತ. ಕೆಳಗೆ ಬಳಿದದ್ದು ನೇರವಾಗಿ ಆ ನೀರಿನ ತೂತುಗಳ ಮೇಲೆಯೇ. ಒಳಗಿಂದ ಬಿದ್ದದ್ದು ಎರಡು ಬೊಗಸೆ ಹಸಿ ಕೆಸರು, ಒಣಗಿದ ಎಲೆ, ಒಂದು ಬಿಸ್ಕತ್ತಿನ ಕಾಗದ. ರಿವೆಟ್ ಹೊಡೆದ ಪ್ರತಿ ತೂತಿನ ಸುತ್ತ ತುಕ್ಕು ಹೂವಿನ ಹಾಗೆ ಅರಳಿತ್ತು. ಉಸ್ತಾದ್ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದ. ಅದು ಒಳಗೆ ಹೋಯಿತು. "ಅಂದರ್ ಸೇ ಸಬ್ ಸಡ್ ಗಯಾ ಹೈ," ಎಂದು ಬಲಗಡೆಯದನ್ನೂ ಬಿಚ್ಚಲು ಹೊರಟ.

ಮುಂಬಯಿಯ ಗಾಳಿಯಲ್ಲಿ ಉಪ್ಪಿದೆ, ಊರಿನ ಗಾಳಿಯಲ್ಲೂ ಉಪ್ಪಿದೆ. ಬಣ್ಣಕ್ಕೆ ತೂತು ಬಿದ್ದ ತಗಡು, ಅದರ ಮೇಲೆ ಒದ್ದೆ ಮಣ್ಣು, ಒಣಗಲು ಗಾಳಿಯಿಲ್ಲ. ತುಕ್ಕಿಗೆ ಇನ್ನೇನು ಬೇಕು? ಸ್ಕರ್ಟ್ ಇಲ್ಲದಿದ್ದರೆ ಎರಡು ವರ್ಷ ಮೊದಲೇ ಯಾರ ಕಣ್ಣಿಗಾದರೂ ಬೀಳುತ್ತಿತ್ತು.

"ಆದ್ರೆ ಮಾವ, ಇದು ಪ್ರೊಟೆಕ್ಷನ್‌ಗೆ ಅಂತಲೇ ಅಲ್ವಾ ಹಾಕೋದು?" ಎಂದ ಅಳಿಯ. ಪಾಪ, ಪ್ರಶ್ನೆಯಲ್ಲಿ ತಪ್ಪಿಲ್ಲ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಕಾರಿನ ಸಿಂಗಾರದ ಅಂಗಡಿ ಸಾಲಿಗೆ ಹೋಗಿ ನಿಂತರೆ ಎರಡು ಮಾತು ಒಟ್ಟಿಗೇ ಕೇಳುತ್ತವೆ: ನೋಡಲು ಸ್ಪೋರ್ಟಿ, ಜೊತೆಗೆ ಬಾಡಿಗೆ ರಕ್ಷಣೆ. ಮೂರನೆಯದಾಗಿ ಏರೋಡೈನಾಮಿಕ್ಸ್ ಎಂಬ ದೊಡ್ಡ ಪದ.

ಆ ದೊಡ್ಡ ಪದಕ್ಕೆ ನಿಜವಾದ ಮೂಲ ಇದೆ. 1970ರ ದಶಕದ ಕೊನೆಯಲ್ಲಿ ಫಾರ್ಮುಲಾ ಒನ್ ರೇಸಿನಲ್ಲಿ ಕಾಲಿನ್ ಚಾಪ್‌ಮನ್‌ನ ಲೋಟಸ್ ತಂಡ ಕಾರಿನ ಅಡಿಭಾಗವನ್ನು ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದಂತೆ ರೂಪಿಸಿತು. ಅಡಿಯಲ್ಲಿ ಗಾಳಿ ವೇಗವಾಗಿ ಹರಿದಾಗ ಒತ್ತಡ ಇಳಿದು ಕಾರು ನೆಲಕ್ಕೆ ಅಂಟಿದಂತಾಗುತ್ತದೆ. ಪಕ್ಕದಿಂದ ಗಾಳಿ ನುಗ್ಗಿದರೆ ಈ ಹೀರುವಿಕೆ ಹೋಗಿಬಿಡುತ್ತದೆ. ಹಾಗಾಗಿ ಎರಡೂ ಬದಿಗೆ ನೆಲವನ್ನು ಸವರುತ್ತ ಮೇಲೆ ಕೆಳಗೆ ಜಾರುವ ಸ್ಕರ್ಟ್. 1978ರಲ್ಲಿ ಮಾರಿಯೊ ಆಂಡ್ರೆಟಿ ಲೋಟಸ್ 79ರಲ್ಲಿ ವಿಶ್ವ ಚಾಂಪಿಯನ್ ಆದ. ಆದರೆ ಸ್ಕರ್ಟ್ ಒಮ್ಮೆ ಮೇಲೆಯೇ ಸಿಕ್ಕಿಕೊಂಡರೆ ತಿರುವಿನ ಮಧ್ಯದಲ್ಲಿ ಹಿಡಿತ ಒಂದೇ ಸಲ ತಪ್ಪುತ್ತಿತ್ತು. ಜಾರುವ ಸ್ಕರ್ಟನ್ನು 1981ರಿಂದ ನಿಷೇಧಿಸಿದರು. 1983ರಿಂದ ಕಾರಿನ ತಳವೇ ಚಪ್ಪಟೆ ಇರಬೇಕೆಂದು ನಿಯಮ ಮಾಡಿದರು.

ಆ ಕಾರಿನ ಸ್ಕರ್ಟ್ ನೆಲ ಮುಟ್ಟುತ್ತಿತ್ತು. ನಮ್ಮ ಹ್ಯಾಚ್‌ಬ್ಯಾಕ್ ನೆಲದಿಂದ 160, 170 ಮಿಲಿಮೀಟರ್ ಎತ್ತರ. ಲಂಗ ಮೊಣಕಾಲಿಗೇ ನಿಂತಿದ್ದರೆ ಗಾಳಿಯನ್ನು ಯಾರು ತಡೆದಾರು? ಇನ್ನೊಂದು, ಗಾಳಿಯ ಬಲ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಗಂಟೆಗೆ 300 ಕಿಲೋಮೀಟರಿನಲ್ಲಿ ಇರುವ ಬಲದ 25ರಲ್ಲಿ ಒಂದು ಪಾಲು ಮಾತ್ರ 60ರಲ್ಲಿ. ಸಂಜೆ ಘೋಡ್‌ಬಂದರ್ ರಸ್ತೆಯಲ್ಲಿ 60 ಸಿಕ್ಕಿದರೆ ಅದೇ ದೊಡ್ಡದು.

ಸೌಂದರ್ಯದ ಮಾತಿಗೆ ನಾನು ಅಡ್ಡಿ ಬರುವುದಿಲ್ಲ, ಅದು ಸುಳ್ಳೂ ಅಲ್ಲ. ಎತ್ತರದ ಸಣ್ಣ ಕಾರಿಗೆ ಅದರದೇ ಬಣ್ಣದ ಸ್ಕರ್ಟ್ ಹಾಕಿದರೆ ಚಕ್ರಗಳ ನಡುವಿನ ಖಾಲಿ ಜಾಗ ಕಡಿಮೆಯಾಗಿ ಕಾರು ತಗ್ಗಾಗಿ, ಉದ್ದವಾಗಿ ಕಾಣುತ್ತದೆ. ಅದೇ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಹಾಕಿದರೆ ಪರಿಣಾಮ ಉಲ್ಟಾ: ಬಣ್ಣದ ಭಾಗ ತೆಳ್ಳಗಾಗಿ ಕಾರು ಎತ್ತರಕ್ಕೆ ಎದ್ದು ನಿಂತಂತೆ. ಫೋಕ್ಸ್‌ವ್ಯಾಗನ್ ಕ್ರಾಸ್ ಪೋಲೊ, ಟೊಯೊಟಾ ಎಟಿಯೋಸ್ ಕ್ರಾಸ್, ಹ್ಯುಂಡೈ ಐ20 ಆಕ್ಟಿವ್ ನೆನಪಿರಬಹುದು. ಪೇಟೆಯ ಕಾರಿಗೆ ಕಾಡಿನ ವೇಷ ಹಾಕಿದ್ದು ಬಹುಪಾಲು ಈ ಕಪ್ಪು ಅಂಚೇ.

ರಕ್ಷಣೆ ಇರುವುದು ಕೂಡ ಈ ಕಪ್ಪು ಪ್ಲಾಸ್ಟಿಕ್‌ನಲ್ಲಿ. ಮುಂದಿನ ಚಕ್ರ ಎರಚುವ ಜಲ್ಲಿ ನೇರವಾಗಿ ಸಿಲ್‌ಗೆ, ಹಿಂಬಾಗಿಲಿನ ಕೆಳಗೆ ಬಡಿಯುತ್ತದೆ. ಅಲ್ಲಿ ಬಣ್ಣವಿಲ್ಲದ, ಬಾಗುವ ಪ್ಲಾಸ್ಟಿಕ್ ಇದ್ದರೆ ಗೀರು ಬಿದ್ದರೂ ಒಳಗಿನ ಲೋಹಕ್ಕೆ ಏನೂ ಆಗುವುದಿಲ್ಲ. ಪಾರ್ಕಿಂಗಿನಲ್ಲಿ ಬೈಕಿನ ಫುಟ್‌ರೆಸ್ಟ್ ತಾಗಿದರೂ ಅಷ್ಟೇ. ಕಂಪನಿಯೇ ಕೂರಿಸಿದ್ದಾದರೆ ಅದಕ್ಕೆಂದೇ ಮಾಡಿದ ಕ್ಲಿಪ್ಪುಗಳಿರುತ್ತವೆ, ಜಾಕ್ ಇಡುವ ಜಾಗಕ್ಕೆ ಕಚ್ಚು ಇರುತ್ತದೆ, ನೀರಿಗೆ ದಾರಿ ಇರುತ್ತದೆ. ಫೈಬರ್‌ಗ್ಲಾಸ್ ಗಟ್ಟಿ, ಬಾಗುವುದಿಲ್ಲ. ಏಟು ಬಿದ್ದರೆ ಸೀಳುತ್ತದೆ.

ಮತ್ತೆ ನಮ್ಮ ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಸಣ್ಣ ಕಾರಿನ ಎರಡು ಚಕ್ರಗಳ ನಡುವೆ ಇರುವುದು ಸುಮಾರು ಎರಡೂವರೆ ಮೀಟರ್. ಹಾಗಾಗಿ ಕಾರು ಅದರ ಮೇಲೆ ಹತ್ತಿ ಇಳಿಯುತ್ತದೆ, ಹೊಟ್ಟೆ ತಾಗುವುದಿಲ್ಲ. ಸೊಸೈಟಿ ಗೇಟಿನ ಮುಂದೆ ಉಳಿದ ಸಿಮೆಂಟು ಸುರಿದು ಮಾಡಿದ ಕಿರಿದಾದ ದಿಣ್ಣೆಯ ಕತೆ ಬೇರೆ. ಅದು ಪೂರ್ತಿ ಎತ್ತರದೊಂದಿಗೆ ಹೊಟ್ಟೆಯ ಅಡಿಗೇ ಬರುತ್ತದೆ. ನಾಲ್ಕು ಜನ, ಡಿಕ್ಕಿಯಲ್ಲಿ ಊರಿನ ಅಕ್ಕಿ ತೆಂಗಿನಕಾಯಿ, ಅದರ ಮೇಲೆ ನಾಲ್ಕು ಸೆಂಟಿಮೀಟರ್ ಕೆಳಗಿಳಿದ ಸ್ಕರ್ಟ್. ಕರ್ರೆಂಬ ಸದ್ದು ಖಂಡಿತ.

ಅಳಿಯನ ಮನೆಯಲ್ಲಿ ಅಂದು ಸಂಜೆ ಸಣ್ಣ ಪಂಚಾಯಿತಿ. ಅವನಿಗೆ ಆಸೆ, ಸ್ಕರ್ಟ್‌ಗೆ ತೇಪೆ ಹಾಕಿ ಹಬ್ಬಕ್ಕೆ ಹೋಗಿ ಬಂದು ಆಮೇಲೆ ರಿಪೇರಿ. "ಇಷ್ಟು ದಿನ ಓಡಿಸಿದ್ದೇ ಅಲ್ವಾ ಮಾವ, ಏನೂ ಆಗ್ಲಿಲ್ಲ." ನಾನು ಏನೂ ಹೇಳಲಿಲ್ಲ. ಅವನ ಹೆಂಡತಿ ಕೆಳಗೆ ಹೋಗಿ, ಟಾರ್ಚ್ ಹಿಡಿದು, ಮಗುವಿನ ಸೀಟು ಇರುವ ಕಡೆಯ ಸಿಲ್ ನೋಡಿ ಬಂದಳು. "ನಾನು ಬರೂದಿಲ್ಲ" ಎಂದಳು. ಪಂಚಾಯಿತಿ ಮುಗಿಯಿತು. ತತ್ಕಾಲ್‌ನಲ್ಲಿ ಹೇಗೋ ಮತ್ಸ್ಯಗಂಧದ ಎರಡು ಟಿಕೆಟ್ ಸಿಕ್ಕಿತು.

ರಿಪೇರಿ ಎಂದರೆ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದಲ್ಲ, ಅಂಥವರೂ ಸಿಗುತ್ತಾರೆ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ಪ್ಯಾನೆಲ್ ವೆಲ್ಡ್ ಮಾಡಿ, ಒಳಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿ, ಹೊರಗೆ ಅಂಡರ್‌ಕೋಟಿಂಗ್ ಹೊಡೆಯಬೇಕು. ಹತ್ತು ದಿನ ಹಿಡಿಯಿತು. ಬಿಲ್ಲು ನೋಡಿ ಅಳಿಯ ಎರಡು ದಿನ ಮಾತಾಡಲಿಲ್ಲ. ತುಕ್ಕಿಗೆ ವಿಮೆಯವರು ಕೊಡುವುದಿಲ್ಲ. ನೀವು ಹೊರಗಿನಿಂದ ಹಾಕಿಸಿದ ಅಲಂಕಾರ ಪಾಲಿಸಿಯಲ್ಲಿ ಬರೆಸಿರದಿದ್ದರೆ ಅಪಘಾತದಲ್ಲಿ ಹೋದರೂ ಅದರ ದುಡ್ಡು ಸಿಗದು.

ಸೆಕೆಂಡ್ ಹ್ಯಾಂಡ್ ಕಾರಿಗೆ ಹೊರಗಿನ ಸ್ಕರ್ಟ್ ಇದ್ದರೆ ಬೆಲೆ ಮಾತಾಡುವ ಮೊದಲು ಲಿಫ್ಟ್ ಮೇಲೆ ಹಾಕಿಸಿ. ಜಾಕ್ ಪಾಯಿಂಟ್ ಕಾಣುತ್ತದೆಯೇ, ನೀರಿನ ತೂತು ತೆರೆದಿದೆಯೇ ನೋಡಿ. ಬೆರಳ ಗೆಣ್ಣಿನಿಂದ ಸಿಲ್ ತಟ್ಟಿ. ಒಳ್ಳೆಯ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಮಾರುವವರು ನೋಡಲು ಬಿಡದಿದ್ದರೆ ಎದ್ದು ಬನ್ನಿ. ಹೊಸದಾಗಿ ಹಾಕಿಸಲೇಬೇಕೆಂಬ ಆಸೆ ಇದ್ದರೆ ನಿಮ್ಮ ಮಾಡೆಲ್‌ಗೆ ಕಂಪನಿಯದೇ ಪಟ್ಟಿ ಸಿಗುತ್ತದೆಯೇ ಕೇಳಿ, ಡ್ರಿಲ್ ಹಿಡಿದವರನ್ನು ಹತ್ತಿರ ಬಿಡಬೇಡಿ. ಬರೀ ಜಲ್ಲಿಯ ಚಿಂತೆಯಾದರೆ ಮುಂದಿನ ಚಕ್ರದ ಹಿಂದೆ ಒಂದು ಜೊತೆ ಒಳ್ಳೆಯ ಮಡ್‌ಫ್ಲಾಪ್ ಸಾಕು. ಕೆಲವು ನೂರು ರೂಪಾಯಿಯ ಮಾತು.

ಅಳಿಯನ ಕಾರು ಈಗ ಸ್ಕರ್ಟ್ ಇಲ್ಲದೆ ಓಡುತ್ತಿದೆ. ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದವನ ಹಾಗೆ ಕಾಣುತ್ತದೆ, ಒಪ್ಪುತ್ತೇನೆ. ಮೊನ್ನೆ ಅವನೇ ಕೇಳಿದ, "ಮಾವ, ಕ್ಲಿಪ್ಪಿನದ್ದು ಬರ್ತದಂತೆ, ಕಪ್ಪು ಬಣ್ಣದ್ದು. ಹಾಕಿಸ್ಲಾ?" ಮಳೆಗಾಲ ಮುಗಿಯಲಿ, ಮೊದಲು ವೆಲ್ಡಿಂಗ್ ಜಾಗ ಒಮ್ಮೆ ನೋಡೋಣ ಎಂದಿದ್ದೇನೆ.